ಅವ್ವನ ನಂಬರು

ಮಕ್ಕಳೇ, ನಿಮ್ಮಲ್ಲಿ ಎಷ್ಟು ಮಂದಿಗೆ ಅಮ್ಮನ ಫೋನ್ ನಂಬರು ಬಾಯಿಪಾಠ ಬರುತ್ತದೆ? ಫೋನ್ ನೋಡದೆ ಹೇಳಬೇಕು. ನನ್ನ ಮೊಮ್ಮಗಳನ್ನು ಕೇಳಿದೆ. ಮೊದಲ ನಾಲ್ಕು ಅಂಕಿ ಹೇಳಿ, ಉಳಿದದ್ದಕ್ಕೆ ನನ್ನ ಮುಖ ನೋಡಿದಳು. ಅವಳನ್ನು ಬೈಯಲು ನನಗೆ ಬಾಯಿಲ್ಲ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ. ಈ ವಾರ ಎಪ್ಪತ್ತು ವರ್ಷ ಹಳೆಯದಾದ ಒಂದು ನಂಬರಿನ ಕಥೆ.

ಕಳೆದ ವರ್ಷ ನಾನೂ ನಮ್ಮ ಮನೆಯವಳೂ ಐದು ತಿಂಗಳು ಇಂಗ್ಲೆಂಡಿನಲ್ಲಿ ಮಗಳ ಮನೆಯಲ್ಲಿದ್ದೆವು. ಮ್ಯಾಂಚೆಸ್ಟರಿನ ಉತ್ತರಕ್ಕೆ ರೋಚ್‌ಡೇಲ್ ಎಂಬ ಪಟ್ಟಣವಿದೆ. ಅದರ ಹತ್ತಿರದ ಒಂದು ಸಣ್ಣ ಊರು ಅವಳದು. ಲ್ಯಾಂಕಾಶೈರ್ ಎಂದು ಕರೆಯುವ ಈ ಸೀಮೆ ಒಂದು ಕಾಲಕ್ಕೆ ಹತ್ತಿ ನೂಲುವ, ಬಟ್ಟೆ ನೇಯುವ ಗಿರಣಿಗಳಿಗೆ ಹೆಸರಾಗಿತ್ತು. ಈಗ ಗಿರಣಿಗಳು ಮುಚ್ಚಿವೆ. ಕಾರ್ಮಿಕರಿಗಾಗಿ ಕಟ್ಟಿದ ಮನೆಗಳು ಮಾತ್ರ ಉಳಿದಿವೆ. ಒಂದಕ್ಕೊಂದು ಗೋಡೆ ಹಂಚಿಕೊಂಡು, ಬೀದಿಯುದ್ದಕ್ಕೂ ಸಾಲಾಗಿ ನಿಂತ ಇಟ್ಟಿಗೆ ಮನೆಗಳು. ಬಾಗಿಲು ತೆರೆದರೆ ಸೀದಾ ರಸ್ತೆ.

ಮಗಳ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ ಒಬ್ಬರೇ ಇದ್ದರು. ದಿನಾ ಬೆಳಿಗ್ಗೆ ಬಕೀಟು, ಬ್ರಷ್ಷು ಹಿಡಿದು ಬಂದು ಬಾಗಿಲ ಮುಂದಿನ ಕಲ್ಲಿನ ಮೆಟ್ಟಿಲನ್ನು ಮಂಡಿಯೂರಿ ತಿಕ್ಕುತ್ತಿದ್ದರು. ಕಿಟಕಿಯಿಂದ ನೋಡಿದ ನಮ್ಮ ಮನೆಯವಳು, "ನಮ್ಮಂಗ ಬಾಗಲಾ ತೊಳಿತಾರ ನೋಡ್ರಿ. ರಂಗೋಲಿ ಹಾಕೂದೊಂದು ಬಾಕಿ" ಎಂದಳು.

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲೇ ಪತ್ರ ಬರೆದವನು ನಾನು. ಆದರೆ ಆ ಅಜ್ಜನ ಇಂಗ್ಲಿಷು ನನ್ನ ಕಿವಿಗೆ ಹತ್ತಲಿಲ್ಲ. ಅರ್ಧ ಮಾತು ನುಂಗುತ್ತಾರೆ, ಉಳಿದರ್ಧವನ್ನು ಎಳೆಯುತ್ತಾರೆ. ಒಂಬತ್ತು ವರ್ಷದ ಮೊಮ್ಮಗಳೇ ನನಗೆ ದುಭಾಷಿಯಾದಳು. ಮೊದಲ ದಿನ ಅವರು ಅವಳನ್ನು "ಲವ್" ಎಂದು ಕರೆದಾಗ ನಾನು ಗಾಬರಿಯಾದೆ. ಮಗಳು ನಕ್ಕಳು. "ಅಪ್ಪಾ, ನಮ್ಮ ಕಡೆ ಎಲ್ಲರಿಗೂ 'ತಂಗಿ', 'ತಮ್ಮಾ' ಅಂತೀವಲ್ಲ, ಹಂಗ ಇದು. ಬಸ್ ಡ್ರೈವರೂ ನನಗ ಹಂಗ ಅಂತಾನ."

ಮೆಟ್ಟಿಲಿನ ಕಥೆಯನ್ನು ಕೇಳಿದೆವು. ಅವರು ಹುಡುಗನಾಗಿದ್ದಾಗ ಬೀದಿಯ ಹೆಂಗಸರೆಲ್ಲ ಹೀಗೆಯೇ ಮೆಟ್ಟಿಲು ತೊಳೆದು, ಅದರ ಅಂಚಿಗೆ ಬಿಳಿಯದೋ ಕೆನೆಬಣ್ಣದ್ದೋ ಪಟ್ಟಿ ಎಳೆಯುತ್ತಿದ್ದರಂತೆ. ಅದಕ್ಕೆ ಸಾಬೂನಿನಂಥ ಒಂದು ಕಲ್ಲಿನ ಬಿಲ್ಲೆ ಇತ್ತು. ಅದರ ಹೆಸರು ಡಾಂಕಿ ಸ್ಟೋನ್, ಅಂದರೆ ಕತ್ತೆಕಲ್ಲು! ಅದನ್ನು ದುಡ್ಡು ಕೊಟ್ಟೇ ತರಬೇಕೆಂದಿರಲಿಲ್ಲ. ಕುದುರೆಗಾಡಿಯಲ್ಲಿ ಹಳೆ ಬಟ್ಟೆ, ಮೂಳೆ, ಗುಜರಿ ಕೊಳ್ಳುವವನು ಕೂಗುತ್ತ ಬರುತ್ತಿದ್ದ. ಚಿಂದಿ ಕೊಟ್ಟರೆ ಒಂದು ಕತ್ತೆಕಲ್ಲು. ಮಕ್ಕಳಿಗೆ ಬಲೂನೋ, ಅದೃಷ್ಟವಿದ್ದರೆ ನೀರಿನಲ್ಲಿ ಈಜುವ ಬಂಗಾರದ ಮೀನೋ ಸಿಗುತ್ತಿತ್ತು. ಹಳೆ ಸೀರೆಗೆ ಪಾತ್ರೆ ಕೊಡುವವರನ್ನು ನೋಡಿದ ನಮಗೆ ಇದೇನು ಹೊಸದೇ? ಮಾತು ತಿಳಿದ ಮೇಲೆ ನಮ್ಮ ಮನೆಯವಳು ಗೆದ್ದವಳಂತೆ ನನ್ನ ಕಡೆ ನೋಡಿದಳು. ರಂಗೋಲಿಯೂ ಇತ್ತಲ್ಲ!

ಆಮೇಲೆ ಸಂಜೆ ಸಂಜೆ ಅವರ ಮನೆಗೆ ಹೋಗುವುದು ರೂಢಿಯಾಯಿತು. ಆಗ ಒಂದು ಸಂಗತಿ ತಿಳಿಯಿತು. ಅವರಿಗೆ ಮರೆವು ಶುರುವಾಗಿತ್ತು. ಚಹಾ ಕೊಟ್ಟು ಐದು ನಿಮಿಷಕ್ಕೆ "ಚಹಾ ಕುಡಿಯುತ್ತೀರಾ?" ಎನ್ನುತ್ತಿದ್ದರು. ನನ್ನ ಹೆಸರನ್ನು ದಿನಾ ಕೇಳುತ್ತಿದ್ದರು. ಭಾನುವಾರ ಬರುತ್ತಿದ್ದ ಅವರ ಮಗಳು ಬಾಗಿಲಲ್ಲಿ ನಿಂತು, "ಬೇಸರ ಮಾಡಿಕೊಳ್ಳಬೇಡಿ, ಹೇಳಿದ್ದನ್ನೇ ಹೇಳುತ್ತಾರೆ" ಎಂದು ತಗ್ಗಿದ ದನಿಯಲ್ಲಿ ಹೇಳಿದಳು.

ಆದರೆ ಹಳೆಯ ಕಾಲ ಅವರಿಗೆ ನಿಚ್ಚಳವಾಗಿತ್ತು. ಬೆಳಗಿನ ಜಾವ ಉದ್ದ ಕೋಲು ಹಿಡಿದು ಬಂದು ಮಹಡಿಯ ಕಿಟಕಿ ಬಡಿದು ಗಿರಣಿಯವರನ್ನು ಎಬ್ಬಿಸುತ್ತಿದ್ದವನು. ಅವನಿಗೆ ವಾರಕ್ಕೆ ಇಷ್ಟು ಪೆನ್ನಿ ಎಂದು ಕೂಲಿ. ಬೆನ್ನ ಮೇಲೆ ಕಲ್ಲಿದ್ದಲ ಚೀಲ ಹೊತ್ತು ತರುತ್ತಿದ್ದ ಕಪ್ಪು ಮುಖದವನು. ಹೊಸ್ತಿಲ ಬಳಿ ಇಟ್ಟ ಹಾಲಿನ ಬಾಟಲಿಯ ತೆಳು ಮುಚ್ಚಳವನ್ನು ಕುಕ್ಕಿ ಕೆನೆ ಕುಡಿದು ಹೋಗುತ್ತಿದ್ದ ನೀಲಿ ಗುಬ್ಬಚ್ಚಿಯಂಥ ಹಕ್ಕಿ. ಮನೆಯಲ್ಲಿ ಬಚ್ಚಲಿಲ್ಲ. ಹಿತ್ತಲ ಗೋಡೆಯ ಮೊಳೆಗೆ ತೂಗುಹಾಕಿದ ತಗಡಿನ ತೊಟ್ಟಿಯನ್ನು ಶುಕ್ರವಾರ ರಾತ್ರಿ ಒಲೆಯ ಮುಂದಿಟ್ಟು, ಕಾಯಿಸಿದ ನೀರು ಹೊಯ್ದು ಎಲ್ಲರಿಗೂ ಅದರಲ್ಲೇ ಸ್ನಾನ. ಮೊದಲು ಅಪ್ಪ, ಕೊನೆಗೆ ಕಿರಿಯವನು. "ನಾನೇ ಕಿರಿಯವ. ನನ್ನ ಪಾಳಿ ಬರುವಷ್ಟರಲ್ಲಿ ಅದು ನೀರಾಗಿರುತ್ತಿರಲಿಲ್ಲ, ಸೂಪಾಗಿರುತ್ತಿತ್ತು" ಎಂದು ಅವರು ನಕ್ಕಾಗ ಮೊಮ್ಮಗಳು ಮೂಗು ಮುಚ್ಚಿಕೊಂಡಳು.

ಬ್ರಿಟನ್ನಿನಲ್ಲಿ ಯುದ್ಧದ ಕಾಲದ ರೇಷನ್ನು ಯುದ್ಧ ಮುಗಿದೊಡನೆ ಹೋಗಲಿಲ್ಲ. 1940ರ ಜನವರಿಯಲ್ಲಿ ಶುರುವಾದ ಪಡಿತರ ಪೂರ್ತಿ ಮುಗಿದದ್ದು 1954ರ ಜುಲೈಯಲ್ಲಿ. ಮಿಠಾಯಿಗೂ ಕೂಪನ್ನು ಬೇಕಿತ್ತು! 1953ರ ಫೆಬ್ರವರಿ 5ರಂದು ಮಿಠಾಯಿಯನ್ನು ರೇಷನ್ನಿನಿಂದ ತೆಗೆದರು. ಆ ದಿನ ಶಾಲೆ ಬಿಟ್ಟ ಕೂಡಲೆ ಓಡಿ, ಕೂಡಿಟ್ಟ ಪೆನ್ನಿಗಳನ್ನೆಲ್ಲ ಸುರಿದು, ಕಡ್ಡಿಗೆ ಚುಚ್ಚಿ ಸಕ್ಕರೆ ಪಾಕದಲ್ಲಿ ಅದ್ದಿದ ಸೇಬು ಕೊಂಡರಂತೆ. "ಅರ್ಧ ತಿಂದು, ಅರ್ಧ ಅಮ್ಮನಿಗೆ ಒಯ್ದೆ. ಜೇಬಿನ ಬಟ್ಟೆಯೂ ಜೊತೆಗೆ ಕಿತ್ತು ಬಂತು" ಎಂದರು.

ನಾನು ಬಿ.ಕಾಂ. ಓದಿದ ಗುಮಾಸ್ತ. ಪೆನ್ನಿ ಎಂದಾಗ ಸುಮ್ಮನಿರಲಾದೀತೇ? ಹಳೆಯ ನಾಣ್ಯದ ಲೆಕ್ಕ ಕೇಳಿದೆ. ಅವರು ಎದ್ದು ಕೂತರು. 12 ಪೆನ್ನಿಗೆ ಒಂದು ಶಿಲ್ಲಿಂಗು, 20 ಶಿಲ್ಲಿಂಗಿಗೆ ಒಂದು ಪೌಂಡು. ಒಟ್ಟು 240 ಪೆನ್ನಿ. ನಾನೂ ಬಿಡಲಿಲ್ಲ. ನಮ್ಮಲ್ಲಿ 12 ಪೈಗೆ ಒಂದಾಣೆ, 16 ಆಣೆಗೆ ಒಂದು ರೂಪಾಯಿ. ಒಟ್ಟು 192 ಪೈ. ನಾವು 1957ರ ಏಪ್ರಿಲ್ 1ರಿಂದ ನೂರರ ಲೆಕ್ಕಕ್ಕೆ ಬಂದೆವು, ನೀವು 1971ರ ಫೆಬ್ರವರಿ 15ರಂದು ಬಂದಿರಿ, ಹದಿನಾಲ್ಕು ವರ್ಷ ತಡ ಎಂದೆ. ಅವರು ಕೈ ಮೇಲೆತ್ತಿ ಸೋಲೊಪ್ಪಿಕೊಂಡರು. ಮೊಮ್ಮಗಳಿಗೆ ನಮ್ಮಿಬ್ಬರ ತಲೆ ಕೆಟ್ಟಿದೆ ಎನಿಸಿರಬೇಕು.

"ಅಂಗಡಿಗೆ ನಿಮ್ಮನ್ನು ಕಳಿಸುತ್ತಿದ್ದರಾ?" ಎಂದು ಕೇಳಿದೆ. ಆಗ ಬಂತು ಆ ನಂಬರಿನ ಸುದ್ದಿ.

ಅದನ್ನು ತಿಳಿಯಲು ಸ್ವಲ್ಪ ಇತಿಹಾಸ ಬೇಕು. 1844ರಲ್ಲಿ ಇದೇ ರೋಚ್‌ಡೇಲಿನ ನೇಕಾರರು ಮತ್ತು ಇತರ ಕೆಲಸಗಾರರು ಸೇರಿ ಒಂದು ಸಂಘ ಮಾಡಿಕೊಂಡರು. ಆಗ ಕಲಬೆರಕೆಯ ಹಿಟ್ಟು, ಮೋಸದ ತೂಕ ಮಾಮೂಲಾಗಿತ್ತು. ಅದಕ್ಕೆ ತಾವೇ ಅಂಗಡಿ ತೆರೆದರು. ಡಿಸೆಂಬರ್ 21ರ ಚಳಿಯ ರಾತ್ರಿ ಟೋಡ್ ಲೇನ್ ಎಂಬ ಬೀದಿಯಲ್ಲಿ ಬಾಗಿಲು ತೆರೆದಾಗ ಅಲ್ಲಿ ಇದ್ದದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ರವೆ, ಮೇಣದಬತ್ತಿಯಂಥ ನಾಲ್ಕಾರು ಸಾಮಾನು. ಅವರ ಜಾಣತನ ಇದ್ದದ್ದು ಲಾಭ ಹಂಚುವ ರೀತಿಯಲ್ಲಿ. ಯಾರು ಎಷ್ಟು ಸಾಮಾನು ಕೊಂಡರೋ ಅಷ್ಟರ ಪ್ರಮಾಣದಲ್ಲಿ ಲಾಭಾಂಶ. ಈ ಪದ್ಧತಿ ಬ್ರಿಟನ್ನಿನ ಊರೂರಿಗೆ ಹಬ್ಬಿತು. 'ಕೋ-ಆಪ್' ಅಂಗಡಿ ಇಲ್ಲದ ಪಟ್ಟಣ ಇಲ್ಲವೆಂಬಂತಾಯಿತು. ಲಾಭಾಂಶ ಎಂಬ ಅರ್ಥದ 'ಡಿವಿಡೆಂಡ್' ಜನರ ಬಾಯಲ್ಲಿ 'ಡಿವಿ' ಆಯಿತು.

ಪ್ರತಿ ಸದಸ್ಯರಿಗೂ ಒಂದು ನಂಬರು. ಸಾಮಾನು ಕೊಂಡಾಗ ನಂಬರು ಹೇಳಬೇಕು. ಅಂಗಡಿಯವನು ಚೀಟಿಯಲ್ಲಿ ನಂಬರು, ಮೊತ್ತ ಬರೆದು ಒಂದು ಪ್ರತಿ ಕೊಡುತ್ತಿದ್ದ. ಎಷ್ಟೋ ಅಂಗಡಿಗಳಲ್ಲಿ ಆ ಚೀಟಿ ಮತ್ತು ದುಡ್ಡನ್ನು ಒಂದು ಡಬ್ಬಿಯಲ್ಲಿ ಹಾಕಿ, ತಲೆಯ ಮೇಲಿನ ತಂತಿಗೆ ಸಿಕ್ಕಿಸಿ ಎಳೆದರೆ ಅದು ಸರ್ರನೆ ಕ್ಯಾಷಿಯರನ ಗೂಡಿಗೆ ಹೋಗಿ, ಚಿಲ್ಲರೆ ಹೊತ್ತು ಮರಳಿ ಬರುತ್ತಿತ್ತು. ನಮ್ಮ ಬ್ಯಾಂಕಿನಲ್ಲಿ ಅಂಥದೊಂದು ಇದ್ದಿದ್ದರೆ ಎಂದು ನನಗೆ ಆಸೆಯಾಯಿತು. ಲೆಕ್ಕ ನೋಡಿ. ಡಿವಿ ಪೌಂಡಿಗೆ 2 ಶಿಲ್ಲಿಂಗು ಎಂದಿಟ್ಟುಕೊಳ್ಳೋಣ, ಅಂದರೆ ಹತ್ತರಲ್ಲಿ ಒಂದು ಭಾಗ. ಒಂದು ಮನೆಯವರು 15 ಪೌಂಡಿನ ಸಾಮಾನು ಕೊಂಡಿದ್ದರೆ 30 ಶಿಲ್ಲಿಂಗು ಕೈಗೆ ಬರುತ್ತದೆ. ಅಂದರೆ ಒಂದು ಪೌಂಡು ಹತ್ತು ಶಿಲ್ಲಿಂಗು. ಮಕ್ಕಳ ಬೂಟು, ಚಳಿಗಾಲದ ಕೋಟು ಬರುತ್ತಿದ್ದದ್ದು ಆ ದುಡ್ಡಿನಲ್ಲೇ.

ಅಜ್ಜನ ತಾಯಿ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದಳು. ಆದ್ದರಿಂದ ಅಂಗಡಿಯ ಕೆಲಸ ಮಗನದು. ನಂಬರು ತಪ್ಪು ಹೇಳಿದರೆ ಡಿವಿ ಬೇರೆ ಯಾರದೋ ಖಾತೆಗೆ ಹೋಗುತ್ತದೆ, ಚಳಿಗಾಲಕ್ಕೆ ಬೂಟಿಲ್ಲ! ಹಾಗಾಗಿ ದಿನಾ ಬಾಗಿಲಲ್ಲಿ ನಿಲ್ಲಿಸಿ ನಂಬರು ಹೇಳಿಸುತ್ತಿದ್ದಳು. ಮಗ್ಗಗಳ ಗದ್ದಲದಲ್ಲಿ ಮಾತು ಕೇಳಿಸದ ಕಾರಣ ಗಿರಣಿಯ ಹೆಂಗಸರು ದನಿಯಿಲ್ಲದೆ ತುಟಿ ಆಡಿಸಿಯೇ ಮಾತಾಡಿಕೊಳ್ಳುತ್ತಿದ್ದರು. ಅವಳೂ ಹಾಗೆಯೇ. ಬೀದಿಯ ಆಚೆ ಬದಿಯಿಂದ ತುಟಿಯಲ್ಲೇ ಕೇಳುತ್ತಿದ್ದಳು. ಮಗ ತುಟಿಯಲ್ಲೇ ಉತ್ತರ ಕೊಡುತ್ತಿದ್ದ.

"ನೆನಪಿದೆಯಾ?" ಎಂದು ಮೊಮ್ಮಗಳು ಕೇಳಿದಳು.

ಅವರು ದನಿ ತೆಗೆಯಲಿಲ್ಲ. ಸುಮ್ಮನೆ ತುಟಿ ಆಡಿಸಿದರು. ಅವಳು ನೋಡಿ ನೋಡಿ ಒಂದೊಂದೇ ಅಂಕಿ ಹೇಳಿದಳು. ಏಳು, ನಾಲ್ಕು, ಎರಡು, ಒಂಬತ್ತು. ಭಾನುವಾರ ಅವರ ಮಗಳಿಗೆ ಹೇಳಿದಾಗ ಆಕೆ ಕುರ್ಚಿಯಲ್ಲಿ ಕೂತುಬಿಟ್ಟಳು. "ನನಗೆ ಯಾವತ್ತೂ ಹೇಳಿಲ್ಲ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ನಾನು ಯಾವತ್ತೂ ಕೇಳಲೂ ಇಲ್ಲ" ಎಂದಳು.

ಟೋಡ್ ಲೇನಿನ ಆ ಅಂಗಡಿ ಈಗ ವಸ್ತುಸಂಗ್ರಹಾಲಯ. ನಾನೂ ಮೊಮ್ಮಗಳೂ ಹೋಗಿ ನೋಡಿ ಬಂದೆವು. ಹಳೆಯ ಅಂಗಡಿಯನ್ನೇ ಮತ್ತೆ ಕಟ್ಟಿದಂತೆ ಮುಂದಿನ ಕೋಣೆಯಲ್ಲಿ ಪೀಪಾಯಿ, ತಕ್ಕಡಿ ಇಟ್ಟಿದ್ದಾರೆ. ಅಲ್ಲಿ ನಿಂತಾಗ ನನಗೆ ನೆನಪಾದದ್ದು ನಮ್ಮ ಗದಗಿನ ಹತ್ತಿರದ ಕಣಗಿನಹಾಳ. ಅಂಗಡಿಗಲ್ಲ, ರೈತರಿಗೆ ಸಾಲ ಕೊಡುವುದಕ್ಕಾಗಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ಆ ಊರಿನಲ್ಲಿ. ಬಡವರು ಕೈ ಕೂಡಿಸಿದರೆ ಏನಾಗುತ್ತದೆ ಎಂಬುದನ್ನು ಎರಡೂ ಊರುಗಳು ತೋರಿಸಿವೆ.

ನಾವು ಹೊರಡುವ ಹಿಂದಿನ ದಿನ ಹೇಳಿಹೋಗಲು ಹೋದೆವು. ಅಂದು ಅವರಿಗೆ ನನ್ನ ಗುರುತು ಸಿಗಲಿಲ್ಲ. ಮೊಮ್ಮಗಳು, "ಇವರು ನಮ್ಮಜ್ಜ, ಬ್ಯಾಂಕಿನವರು" ಎಂದಳು. ಅವರು ನನ್ನನ್ನೇ ನೋಡಿದರು. ಏನನ್ನಿಸಿತೋ, ಕೌಂಟರಿನ ಮುಂದೆ ನಿಂತ ಹುಡುಗನಂತೆ ಬೆನ್ನು ನೆಟ್ಟಗೆ ಮಾಡಿ, "ಏಳು ನಾಲ್ಕು ಎರಡು ಒಂಬತ್ತು. ಡಿವಿ ಬಂದಿದೆಯಾ?" ಎಂದು ಕೇಳಿದರು.

ಮೊಮ್ಮಗಳು ನನ್ನ ಕೈ ಹಿಡಿದುಕೊಂಡಳು. ನಾನು ಹೇಳಿದೆ: "ಬಂದಿದೆ. ಒಂದು ಪೌಂಡು ಹತ್ತು ಶಿಲ್ಲಿಂಗು. ನಿಮ್ಮ ತಾಯಿಗೆ ಹೇಳಿ."

ಅವರ ಮುಖ ಅರಳಿತು. ಲೆಡ್ಜರು ನೋಡದೆ ನಾನು ಬಾಕಿ ಹೇಳಿದ್ದು ಜೀವನದಲ್ಲಿ ಅದೊಂದೇ ಸಲ. ತಪ್ಪು ಮಾಡಿದೆ ಎಂದು ನನಗೆ ಅನ್ನಿಸಿಲ್ಲ.

ಈಗ ನನ್ನ ಕಥೆ. ನಮ್ಮವ್ವನಿಗೆ ಓದು ಬರಹ ಇರಲಿಲ್ಲ. ಹಾಲಿನವಳ ಲೆಕ್ಕ, ಕಿರಾಣಿ ಅಂಗಡಿಯ ಉದ್ರಿ, ಎಲ್ಲವನ್ನೂ ಒಲೆಯ ಹಿಂದಿನ ಗೋಡೆಯ ಮೇಲೆ ಇದ್ದಲಿನ ಗೆರೆಗಳಲ್ಲಿ ಇಡುತ್ತಿದ್ದಳು. ಒಂದು ಪೈಯೂ ತಪ್ಪುತ್ತಿರಲಿಲ್ಲ. ದೀಪಾವಳಿಗೆ ಸುಣ್ಣ ಹೊಡೆಯುವ ಮುನ್ನ ಎಲ್ಲ ಬಾಕಿ ತೀರಿಸುತ್ತಿದ್ದಳು. ಯಾವ ಗೆರೆ ಯಾರದು ಎಂದು ನಾನು ಒಂದು ದಿನವೂ ಕೇಳಲಿಲ್ಲ. ಮುಂದೆ ನನಗೆ ನೌಕರಿ ಸಿಕ್ಕಾಗ ನಮ್ಮ ಶಾಖೆಯಲ್ಲೇ ಅವಳ ಹೆಸರಿನಲ್ಲಿ ಖಾತೆ ತೆರೆದೆ. ಹೆಬ್ಬೆಟ್ಟು ಒತ್ತಿಸಿ, ಪಾಸ್‌ಬುಕ್ಕಿನ ಮೇಲೆ ನಂಬರು ಬರೆದವನು ನಾನೇ. ಸಾವಿರಾರು ಜನರ ಖಾತೆ ನಂಬರು ಬರೆದ ಕೈ ಇದು. ಅವ್ವನದು ನೆನಪಿಲ್ಲ. ಊರಿಗೆ ಮರಳಿದ ಮೇಲೆ ಅವಳ ಟ್ರಂಕು ತೆಗೆದು ಹುಡುಕಿದೆ. ಸೀರೆ ಇತ್ತು, ಕನ್ನಡಕ ಇತ್ತು. ಪಾಸ್‌ಬುಕ್ಕು ಸಿಗಲಿಲ್ಲ.

ಮಕ್ಕಳೇ, ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಈ ಭಾನುವಾರ ಅವರ ಹತ್ತಿರ ಕುಳಿತುಕೊಳ್ಳಿ. "ನಿಮ್ಮ ಬಾಲ್ಯ ಹೇಗಿತ್ತು?" ಎಂದು ಕೇಳಬೇಡಿ. ಅಷ್ಟು ದೊಡ್ಡ ಪ್ರಶ್ನೆಗೆ "ಹಿಂಗ ಇತ್ತವ್ವ" ಎಂದು ಸುಮ್ಮನಾಗುತ್ತಾರೆ. "ನಿನ್ನನ್ನು ಅಂಗಡಿಗೆ ಏನು ತರಲು ಕಳಿಸುತ್ತಿದ್ದರು? ಕೈಯಲ್ಲಿ ಎಷ್ಟು ದುಡ್ಡು ಕೊಡುತ್ತಿದ್ದರು? ದಾರಿಯಲ್ಲಿ ಏನು ಹೇಳಿಕೊಳ್ಳುತ್ತ ಹೋಗುತ್ತಿದ್ದೆ?" ಎಂದು ಕೇಳಿ. ಉತ್ತರವನ್ನು ನೋಟ್‌ಬುಕ್ಕಿನಲ್ಲಿ, ತಾರೀಖು ಹಾಕಿ ಬರೆದಿಡಿ.

ಹಾಂ, ಅಮ್ಮನ ಫೋನ್ ನಂಬರನ್ನೂ ಬಾಯಿಪಾಠ ಮಾಡಿ. ನನ್ನ ಮೊಮ್ಮಗಳು ಮಾಡಿದ್ದಾಳೆ. ಮೊನ್ನೆ ವೀಡಿಯೋ ಕರೆಯಲ್ಲಿ ಒಪ್ಪಿಸಿದಳು, ತುಟಿ ಮಾತ್ರ ಆಡಿಸಿ.