ರೊಟ್ಟಿಗೆ ಲೇಬಲ್ ಇಲ್ಲ, ಹಿಟ್ಟಿಗೆ ಲೆಕ್ಕ ಇದೆ

ನಸುಕಿನಲ್ಲಿ ನಮ್ಮ ಮುರಗೋಡದ ಸುತ್ತಿನ ಯಾವ ರಸ್ತೆಗೆ ಹೋದರೂ ಓಡುವ ಹುಡುಗರು ಸಿಗುತ್ತಾರೆ. ಒಬ್ಬ ಪೊಲೀಸ್ ನೇಮಕಾತಿಯ 1600 ಮೀಟರ್ ಓಟಕ್ಕೆ ತಯಾರಿ ನಡೆಸಿದ್ದರೆ, ಇನ್ನೊಬ್ಬನಿಗೆ ಅಗ್ನಿವೀರನಾಗುವ ಆಸೆ. ಓಟ ಮುಗಿದ ಮೇಲೆ ಮಾತು ಊಟದ ಕಡೆ ಹೊರಳುತ್ತದೆ. ‘ದಿನಾ ಎಷ್ಟ ಕ್ಯಾಲೊರಿ ಹೊಟ್ಟಿಗೆ ಹೋಗ್ತಾವಲೇ?’ ಯಾರಿಗೂ ಗೊತ್ತಿಲ್ಲ. ಬಿಸ್ಕಿಟ್ ಪುಡಿಕೆಯ ಮೇಲೆ ಅಂಕಿ ಇದೆ, ಪ್ರೋಟೀನ್ ಪುಡಿಯ ಡಬ್ಬಿಯ ಮೇಲೆ ಇದೆ. ಅವ್ವ ಬಡಿದ ಜೋಳದ ರೊಟ್ಟಿಯ ಮೇಲೆ ಇಲ್ಲ. ಹಾಗಾಗಿ ಲೆಕ್ಕ ಇರುವುದೇ ಒಳ್ಳೆಯ ಆಹಾರ ಎಂಬ ನಂಬಿಕೆ ನಮ್ಮ ವಯಸ್ಸಿನವರಲ್ಲಿ ಬೆಳೆಯುತ್ತಿದೆ. ಬಡ ಮನೆಯ ಹುಡುಗನೂ ಸಾಲ ಮಾಡಿ ಡಬ್ಬಿ ತರುತ್ತಾನೆ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ಊಟಕ್ಕೂ ಲೆಕ್ಕ ಇದೆ. ಆದರೆ ನಾವು ಅದನ್ನು ತಾಟಿನಲ್ಲಿ ಹುಡುಕುತ್ತೇವೆ, ಅದು ಇರುವುದು ಹಿಟ್ಟಿನ ಡಬ್ಬಿಯಲ್ಲಿ.

ಮೊಬೈಲ್ ಆ್ಯಪ್‌ನಲ್ಲಿ ‘ಒಂದು ರೊಟ್ಟಿ’ ಎಂದು ಒತ್ತಿದರೆ ಒಂದು ಅಂಕಿ ಬರುತ್ತದೆ. ಯಾರ ಮನೆಯ ರೊಟ್ಟಿ, ಎಷ್ಟು ದಪ್ಪ, ಎಷ್ಟು ಅಗಲ? ರೊಟ್ಟಿಯನ್ನೇ ತೂಗಿದರೂ ಮೋಸವೇ. ಬಿಸಿ ರೊಟ್ಟಿಯಲ್ಲಿ ನೀರಿನ ತೂಕವಿದೆ, ಕಡಕ್ ರೊಟ್ಟಿಯಲ್ಲಿ ಆ ನೀರು ಆರಿಹೋಗಿದೆ. ಎರಡಕ್ಕೂ ಹಾಕಿದ ಹಿಟ್ಟು ಒಂದೇ ಆದರೆ ಶಕ್ತಿಯೂ ಒಂದೇ. ನೀರಿಗೆ ಕ್ಯಾಲೊರಿ ಇಲ್ಲ. ಆದ್ದರಿಂದ ತೂಗಬೇಕಾದದ್ದು ಒಣ ಹಿಟ್ಟು.

ಆ ಹಿಟ್ಟಿನಲ್ಲಿ ಎಷ್ಟಿದೆ ಎಂಬುದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂದೋ ಅಳೆದಿಟ್ಟಿದೆ. 2017ರಲ್ಲಿ ಅದು ಪ್ರಕಟಿಸಿದ ಭಾರತೀಯ ಆಹಾರಗಳ ಕೋಷ್ಟಕದಲ್ಲಿ 528 ಆಹಾರಗಳಿವೆ. ಶಕ್ತಿಯನ್ನು ಅದರಲ್ಲಿ ಕಿಲೋಜೌಲ್‌ನಲ್ಲಿ ಕೊಟ್ಟಿದ್ದಾರೆ, 4.18ರಿಂದ ಭಾಗಿಸಿದರೆ ಕ್ಯಾಲೊರಿ. 100 ಗ್ರಾಂ ಜೋಳಕ್ಕೆ ಸುಮಾರು 335, ಶೇಂಗಾಕ್ಕೆ 520, ಎಣ್ಣೆಗೆ 900.

ಈಗ ಒಂದು ಎಣಗಾಯಿ ಲೆಕ್ಕ ಹಾಕೋಣ. ನಾಲ್ಕು ಮಂದಿಗೆ ಅರ್ಧ ಕಿಲೋ ಬದನೆಕಾಯಿ, 100 ಗ್ರಾಂ ಶೇಂಗಾ, 60 ಗ್ರಾಂ ಎಣ್ಣೆ ಎಂದುಕೊಳ್ಳಿ. ಬದನೆಕಾಯಿಯಿಂದ ಬರುವುದು ಸುಮಾರು 125 ಕ್ಯಾಲೊರಿ ಮಾತ್ರ. ಶೇಂಗಾದಿಂದ 520, ಎಣ್ಣೆಯಿಂದ 540. ಒಬ್ಬರ ಪಾಲಿಗೆ 300ರ ಹತ್ತಿರ. ತಲಾ 50 ಗ್ರಾಂ ಹಿಟ್ಟಿನ ಎರಡು ರೊಟ್ಟಿಗೆ 335. ಅಂದರೆ ‘ಬರೀ ಪಲ್ಯ’ ಎಂದು ನಾವು ಲೆಕ್ಕಕ್ಕೇ ಹಿಡಿಯದ್ದು ರೊಟ್ಟಿಗೆ ಸರಿಸಮ ನಿಂತಿದೆ. ತೂಕ ಇಳಿಸಬೇಕೆಂದು ರೊಟ್ಟಿ ಬಿಡುವವರು, ಏರಿಸಬೇಕೆಂದು ಡಬ್ಬಿ ಕೊಳ್ಳುವವರು ಇಬ್ಬರೂ ಮೊದಲು ಎಣ್ಣೆಯ ಸೌಟು, ಶೇಂಗಾದ ಮುಷ್ಟಿ ನೋಡಬೇಕು. ಮಿರ್ಚಿ ಭಜಿಗೂ ದಾರಿ ಇದೆ. ಕರಿಯುವ ಮೊದಲು ಎಣ್ಣೆ ತೂಗಿ, ಕರಿದ ಮೇಲೆ ಮತ್ತೆ ತೂಗಿ. ಕಡಿಮೆಯಾದದ್ದು ಬಹುಪಾಲು ಭಜಿಯಲ್ಲಿದೆ.

ಇದೇನೂ ಹೊಸ ವಿದ್ಯೆಯಲ್ಲ. ಸರ್ಕಾರಿ ಶಾಲೆಯಲ್ಲಿ ನಾವು ಉಂಡ ಬಿಸಿಯೂಟ ಇದೇ ಲೆಕ್ಕದ ಮೇಲೆ ನಿಂತಿದೆ. ಪ್ರಾಥಮಿಕ ತರಗತಿಯ ಒಂದು ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ, ಗುರಿ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನ್. ಆರರಿಂದ ಎಂಟನೇ ತರಗತಿಯವರಿಗೆ 700 ಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನ್. ಯಾವ ತಾಟಿಗೂ ಲೇಬಲ್ ಅಂಟಿಸಿರಲಿಲ್ಲ, ಲೆಕ್ಕ ಉಗ್ರಾಣದಲ್ಲೇ ಮುಗಿದಿತ್ತು.

ಶಾಲೆಯ ಮಗುವಿಗೆ ಇರುವ ಈ ಲೆಕ್ಕ ಕಾಲೇಜಿಗೆ ಬಂದಾಗ ಕಣ್ಣಿಂದ ಮರೆಯಾಗುತ್ತದೆ. 10 ಅಥವಾ ಹೆಚ್ಚು ಶಾಖೆಗಳಿರುವ ಹೋಟೆಲ್‌ಗಳು ಮೆನುವಿನಲ್ಲಿ ಕ್ಯಾಲೊರಿ ಬರೆಯಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ನಾವು ಉಣ್ಣುವ ಖಾನಾವಳಿಗೆ ಒಂದೇ ಬಾಗಿಲು, ಅದಕ್ಕೆ ಈ ನಿಯಮ ತಾಗುವುದಿಲ್ಲ, ತಾಗಬೇಕೆಂದೂ ನಾನು ಕೇಳುವುದಿಲ್ಲ. ಆದರೆ ವಿದ್ಯಾರ್ಥಿ ನಿಲಯಗಳ ಊಟದ ಮನೆಯಲ್ಲಿ ವಾರದ ಪಟ್ಟಿಯ ಪಕ್ಕ ಇನ್ನೊಂದು ಸಾಲು ಬರೆದರೆ ಯಾರಿಗೂ ಖರ್ಚಿಲ್ಲ: ಇಂದು ಇಷ್ಟು ಮಂದಿಗೆ ಇಷ್ಟು ಹಿಟ್ಟು, ಇಷ್ಟು ಬೇಳೆ, ಇಷ್ಟು ಎಣ್ಣೆ. ಉಳಿದ ಭಾಗಾಕಾರ ನಾವು ಮಾಡಿಕೊಳ್ಳುತ್ತೇವೆ. ಬೇಳೆ ಕಡಿಮೆ ಬಿದ್ದ ದಿನವೂ ಆ ಸಾಲಿನಲ್ಲೇ ಕಾಣುತ್ತದೆ.

ಲೆಕ್ಕ ಕೈಗೆ ಬಂದರೆ ಎಲ್ಲಿ ನಿಂತಿದ್ದೇವೆ ಎಂದು ತಿಳಿಯುತ್ತದೆ. ಐಸಿಎಂಆರ್ 2020ರ ಅಂದಾಜಿನಂತೆ ಮಧ್ಯಮ ದುಡಿಮೆಯ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 2710 ಕ್ಯಾಲೊರಿ, 55 ಕಿಲೋ ತೂಕದ ಹೆಂಗಸಿಗೆ 2130 ಬೇಕು. ನಮ್ಮ ಹುಡುಗಿಯರು ಬೆಳಿಗ್ಗೆ ಒಂದು ಕಪ್ ಚಹಾ ಕುಡಿದು ಬೈಲಹೊಂಗಲದ ಬಸ್ ಹತ್ತುತ್ತಾರಲ್ಲ, ಅವರ ಕೊರತೆ ಡಬ್ಬಿಯ ಜಾಹೀರಾತಿನಲ್ಲಿ ಕಾಣುವುದಿಲ್ಲ, ಈ ಲೆಕ್ಕದಲ್ಲಿ ಕಾಣುತ್ತದೆ.

ಇದು ಅಂದಾಜು, ಬಂಗಾರದ ತೂಕವಲ್ಲ. 50 ಕ್ಯಾಲೊರಿ ಆಚೀಚೆಯಾದರೆ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಅಂದಾಜಿಗೆ ಯಂತ್ರವೂ ಬೇಡ, ಖಾನಾವಳಿಯಲ್ಲಿ ಒಂದು ಪ್ರಶ್ನೆ ಸಾಕು: ‘ಅಕ್ಕಾರ, ಒಂದ ಕಿಲೋ ಹಿಟ್ಟಿಗೆ ಎಷ್ಟ ರೊಟ್ಟಿ ಆಗ್ತಾವ್ರೀ?’ ಇಪ್ಪತ್ತು ಎಂದರೆ ಒಂದಕ್ಕೆ 50 ಗ್ರಾಂ. ರೊಟ್ಟಿ ಬಡಿಯುವವರಿಗೆ ಈ ಅಳತೆ ಕೈಯಲ್ಲೇ ಇದೆ. ಕೇಳುವ ಅಭ್ಯಾಸ ನಮಗೆ ಬರಬೇಕು.