ಮೀನಿನ ತೊಟ್ಟಿಯ ಮೇಲೊಂದು ಬಸಳೆ ಚಪ್ಪರ

ಮನೆಯಲ್ಲಿ ಮೀನಿನ ಗಾಜಿನ ತೊಟ್ಟಿ ಇಟ್ಟವರಲ್ಲಿ ಎರಡು ಬಗೆ. ನೀರು ಬದಲಿಸುವ ದಿನ ಹಳೆಯ ನೀರನ್ನು ಬಚ್ಚಲಿಗೆ ಸುರಿಯುವವರು ಒಂದು ಬಗೆ. ಹಿತ್ತಲ ಕರಿಬೇವಿನ ಬುಡಕ್ಕೆ ಹೊಯ್ಯುವವರು ಇನ್ನೊಂದು. ಈ ಎರಡನೆಯವರ ಮನೆಯ ಕರಿಬೇವು ನೆರೆಹೊರೆಗೆಲ್ಲ ಹಂಚುವಷ್ಟು ಸೊಂಪಾಗಿರುತ್ತದೆ. ಗಿಡದ ಬುಡಕ್ಕೆ ಹೊಯ್ದ ಆ ನೀರು ಅಲ್ಲೇ ಸೋಸಿ, ತಿಳಿಯಾಗಿ, ಮತ್ತೆ ಮೀನಿನ ತೊಟ್ಟಿಗೇ ಇಳಿದು ಬರುವಂತೆ ಮಾಡಿದರೆ? ಮೀನಿಗೆ ಪದೇ ಪದೇ ಹೊಸ ನೀರು ಬೇಡ, ಗಿಡಕ್ಕೆ ಬೇರೆ ಗೊಬ್ಬರ ಬೇಡ. ಇದೇ ಆಕ್ವಾಪೋನಿಕ್ಸ್. ಮೀನು ಸಾಕಣೆಯ ಆಕ್ವಾಕಲ್ಚರ್‌ಗೂ ಮಣ್ಣಿಲ್ಲದೆ ಗಿಡ ಬೆಳೆಸುವ ಹೈಡ್ರೋಪೋನಿಕ್ಸ್‌ಗೂ ಮದುವೆ ಮಾಡಿಸಿ ಇಟ್ಟ ಹೆಸರು.

ಹೆಸರು ಹೊಸದು, ನಂಟು ಹಳೆಯದು. ಕುಮಟಾ ಬಳಿಯ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳನ್ನೇ ನೋಡಿ. ಮಳೆಗಾಲದಲ್ಲಿ ಅಲ್ಲಿ ಉಪ್ಪು ತಾಳುವ ಕಗ್ಗ ಭತ್ತ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಅಳಿವೆಯ ನೀರು ಬಿಟ್ಟು ಮೀನು, ಸಿಗಡಿ. ಭತ್ತದ ಕೂಳೆ ಕೊಳೆತು ಮೀನಿನ ಮೇವಾಗುತ್ತದೆ, ಮೀನಿನ ಕಸ ಮುಂದಿನ ಭತ್ತಕ್ಕೆ ಸಾರವಾಗುತ್ತದೆ. ವರ್ಷಕ್ಕೊಮ್ಮೆ ತಿರುಗುವ ಆ ಚಕ್ರವನ್ನು ಪಂಪು ಹಚ್ಚಿ ಗಂಟೆಗೊಮ್ಮೆ ತಿರುಗಿಸಿದರೆ ಅದೇ ಆಕ್ವಾಪೋನಿಕ್ಸ್. ವರ್ಜಿನ್ ಐಲೆಂಡ್ಸ್ ವಿಶ್ವವಿದ್ಯಾಲಯದ ಜೇಮ್ಸ್ ರಕೋಸಿ 1980ರ ದಶಕದಿಂದ ಟಿಲಾಪಿಯ ಮೀನು, ತುಳಸಿ ಜಾತಿಯ ಬೇಸಿಲ್, ಲೆಟಿಸ್ ಇಟ್ಟುಕೊಂಡು ಇದರ ಲೆಕ್ಕಾಚಾರವನ್ನು ಒಂದು ಹದಕ್ಕೆ ತಂದರು. ಸಿಹಿನೀರಿನ ಬರವಿರುವ ಸಣ್ಣ ದ್ವೀಪದಲ್ಲಿ ಈ ಕೆಲಸ ನಡೆದದ್ದು ಆಕಸ್ಮಿಕವೇನಲ್ಲ.

ಇಷ್ಟು ಕೇಳಿದ ಉತ್ಸಾಹಿಗಳು ಶನಿವಾರ ಡ್ರಮ್ಮು ತರುತ್ತಾರೆ, ಭಾನುವಾರ ಮೀನು ಬಿಡುತ್ತಾರೆ, ಸಂಜೆಯೊಳಗೆ ಸಸಿಯನ್ನೂ ಊರುತ್ತಾರೆ. ಎರಡನೆಯ ವಾರ ಮೀನುಗಳು ಒಂದೊಂದಾಗಿ ಹೊಟ್ಟೆ ಮೇಲಾಗಿ ತೇಲುತ್ತವೆ. ನೀರು ನೋಡಿದರೆ ಸ್ಫಟಿಕದಷ್ಟು ತಿಳಿ. ‘ಮೀನೇ ಸರಿ ಇರಲಿಲ್ಲ’ ಎಂದು ಅಂಗಡಿಯವನ ಮೇಲೆ ಗೂಬೆ ಕೂರಿಸಿ ಡ್ರಮ್ಮು ಅಟ್ಟಕ್ಕೇರುತ್ತದೆ. ಬಹುಪಾಲು ಮನೆ-ಆಕ್ವಾಪೋನಿಕ್ಸ್‌ನ ಚರಿತ್ರೆ ಇಷ್ಟೇ ಚಿಕ್ಕದು.

ಇಲ್ಲಿ ಸಾಕಬೇಕಾದದ್ದು ಮೊದಲು ಮೀನೂ ಅಲ್ಲ, ಸೊಪ್ಪೂ ಅಲ್ಲ; ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಮೀನು ತನ್ನ ಕಿವಿರಿನಿಂದ ಅಮೋನಿಯಾ ಹೊರಬಿಡುತ್ತದೆ. ಅದು ಮೀನಿಗೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ, ರಕ್ತಕ್ಕಿಳಿದು ಹಿಮೋಗ್ಲೋಬಿನ್ನನ್ನು ಕೆಡಿಸಿ, ನೀರಿನಲ್ಲಿ ಆಮ್ಲಜನಕ ಇದ್ದರೂ ಮೀನು ಉಸಿರುಗಟ್ಟುವಂತೆ ಮಾಡುತ್ತದೆ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಇದು ಮೀನಿಗೆ ಹೆಚ್ಚೇನೂ ತೊಂದರೆ ಕೊಡದು, ಗಿಡಕ್ಕೆ ಮೃಷ್ಟಾನ್ನ. ರಷ್ಯದ ಸರ್ಗೇ ವಿನೋಗ್ರಾಡ್‌ಸ್ಕಿ ಈ ಜೀವಿಗಳನ್ನು 1890ರಲ್ಲಿ ಬೇರ್ಪಡಿಸಿ ತೋರಿಸಿದಂದಿನಿಂದ ಇದು ಇಬ್ಬರು ಹಂಚಿಕೊಂಡು ಮಾಡುವ ಕೆಲಸವೆಂದೇ ಪಾಠ ಹೇಳುತ್ತ ಬಂದಿದ್ದರು. 2015ರಲ್ಲಿ ನೈಟ್ರೋಸ್ಪೈರಾ ಕುಲದ ಕೆಲವು ಬ್ಯಾಕ್ಟೀರಿಯಾ ಎರಡೂ ಹಂತಗಳನ್ನು ಒಂಟಿಯಾಗಿಯೇ ಮುಗಿಸುತ್ತವೆಂದು ಗೊತ್ತಾಯಿತು. ಹಾಗೆ ಪತ್ತೆಯಾದವುಗಳಲ್ಲಿ ಕೆಲವು ಸಿಕ್ಕಿದ್ದು ಎಲ್ಲಿ ಗೊತ್ತೆ? ಮೀನು ಸಾಕುವ ತೊಟ್ಟಿಯ ಶೋಧಕದಲ್ಲಿ!

ಈ ಮಹನೀಯರಿಗೆ ಅವಸರವೆಂಬುದಿಲ್ಲ. ಮೊಸರಿನ ಬ್ಯಾಕ್ಟೀರಿಯಾ ರಾತ್ರಿ ಬೆಳಗಾಗುವುದರಲ್ಲಿ ಪಾತ್ರೆ ತುಂಬುತ್ತವೆ. ಇವು ಒಂದು ಎರಡಾಗಲು ಅರ್ಧ ದಿನದಿಂದ ಒಂದೆರಡು ದಿನವೇ ಬೇಕು. ಹಾಗಾಗಿ ಹೊಸ ತೊಟ್ಟಿ ಹದಕ್ಕೆ ಬರಲು ನಾಲ್ಕರಿಂದ ಆರು ವಾರ. ಅಷ್ಟು ದಿನ ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡಿ. ಅಮೋನಿಯಾ ತಾನಾಗಿ ಹುಟ್ಟುತ್ತದೆ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಪರೀಕ್ಷಾ ಕಿಟ್ಟಿನಿಂದ ವಾರಕ್ಕೆರಡು ಸಲ ನೋಡುತ್ತಿರಿ. ಅಮೋನಿಯಾ ಏರಿ ಇಳಿಯುತ್ತದೆ, ಅದರ ಹಿಂದೆಯೇ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಯಾಗಿ ನೈಟ್ರೇಟ್ ಕಾಣಿಸಿಕೊಂಡ ದಿನ ಮೀನು ತರಲು ಹೊರಡಿ. ಕಾಯುವ ತಾಳ್ಮೆ ಕಡಿಮೆಯೆ? ಮೊಸರಿಗೆ ಹೆಪ್ಪು ಹಾಕುವ ನಾಡಿನವರು ನಾವು. ಹಳೆಯ, ಆರೋಗ್ಯವಾಗಿರುವ ಅಕ್ವೇರಿಯಂ ಇಟ್ಟಿರುವ ಸ್ನೇಹಿತರಿಂದ ಶೋಧಕದ ಸ್ಪಂಜಿನ ಒಂದು ತುಂಡು ಬೇಡಿ ತಂದು ಜಲ್ಲಿಯೊಳಗೆ ಹೂತುಬಿಡಿ. ಎಷ್ಟೋ ದಿನ ಉಳಿಯುತ್ತದೆ. ನಲ್ಲಿ ನೀರಾದರೆ ಒಂದೆರಡು ದಿನ ಬಾಯ್ತೆರೆದ ಪಾತ್ರೆಯಲ್ಲಿಟ್ಟು ಕ್ಲೋರಿನ್ ಹಾರಿಹೋದ ಮೇಲೆ ಬಳಸಿ. ಆ ಕ್ಲೋರಿನ್ ನಳದಲ್ಲಿರುವುದೇ ಬ್ಯಾಕ್ಟೀರಿಯಾ ಕೊಲ್ಲಲಿಕ್ಕೆ.

ಕೊಳವೆಬಾವಿಯ ನೀರಿಗೆ ಇನ್ನೊಂದು ಎಚ್ಚರ. ನೀರಿನಲ್ಲಿರುವ ಅಮೋನಿಯಾದಲ್ಲಿ ಮೀನನ್ನು ನಿಜವಾಗಿ ಕೊಲ್ಲುವುದು ಒಂದು ಪಾಲು ಮಾತ್ರ. 25 ಡಿಗ್ರಿ ಬಿಸುಪಿನಲ್ಲಿ ಪಿಎಚ್ 7 ಇದ್ದರೆ ಆ ಪಾಲು ಇನ್ನೂರರಲ್ಲಿ ಒಂದು. ಪಿಎಚ್ 8 ಆದರೆ ಇಪ್ಪತ್ತರಲ್ಲಿ ಒಂದು. ಅಂದರೆ ಅಷ್ಟೇ ಅಮೋನಿಯಾ, ಸುಮಾರು ಹತ್ತು ಪಟ್ಟು ವಿಷ. ಗಡಸು ನೀರಿನ ಊರುಗಳಲ್ಲಿ ಮಳೆನೀರು ಬೆರೆಸಿಕೊಳ್ಳುವುದು ಜಾಣತನ.

ಇನ್ನು ಕಟ್ಟೋಣ. 500 ಲೀಟರಿನ ಕಪ್ಪು ಸಿಂಟೆಕ್ಸ್ ಮಾದರಿಯ ತೊಟ್ಟಿ ಮೀನಿಗೆ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮನ್ನು ಉದ್ದಕ್ಕೆ ಸೀಳಿದರೆ ಎರಡು ದೋಣಿಗಳು. ಒಟ್ಟು ಒಂದು ಚದರ ಮೀಟರಿನಷ್ಟು ಮಡಿ, ಆಳ ಒಂದಡಿಗೆ ಸ್ವಲ್ಪ ಕಡಿಮೆ. ಆಹಾರಪದಾರ್ಥ ತುಂಬಿದ್ದ ಡ್ರಮ್ಮನ್ನೇ ಹುಡುಕಿ. ರಾಸಾಯನಿಕ ತುಂಬಿದ್ದು ಬೇಡವೇ ಬೇಡ. ದೋಣಿಗಳಲ್ಲಿ 20 ಮಿಲಿಮೀಟರ್ ಜಲ್ಲಿ. ನಮ್ಮ ಕಡೆಯ ಗ್ರಾನೈಟ್ ಜಲ್ಲಿ ಇದಕ್ಕೆ ಹೇಳಿಮಾಡಿಸಿದ್ದು, ದೂಳು ಹೋಗುವತನಕ ತೊಳೆಯುವ ಕಷ್ಟವೊಂದೇ. ಅಲಂಕಾರದ ಬಿಳಿಕಲ್ಲು ಹಾಕುವ ಆಸೆಯಿದ್ದರೆ ಮೊದಲು ಅದರ ಮೇಲೆ ನಿಂಬೆರಸ ಹಿಂಡಿ. ನೊರೆ ಬಂದರೆ ಅದು ಸುಣ್ಣದ ಕಲ್ಲು, ನೀರಿನ ಪಿಎಚ್ಚನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತದೆ.

ತಾರಸಿ ಎಂದು ಕೂಡಲೇ ಹೊರಡಬೇಡಿ. ನೀರು ಅರ್ಧ ಟನ್ನು, ಜಲ್ಲಿ ಇನ್ನೊಂದು ಕಾಲು ಟನ್ನು. ಓಡಾಡುವ ತಾರಸಿಗೆ ನಮ್ಮ ಕಟ್ಟಡ ಸಂಹಿತೆ ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೊ. ತೊಟ್ಟಿಯೊಂದೇ ಅದರ ಮೂರು ನಾಲ್ಕು ಪಟ್ಟು. ಅಂಗಳ ಒಳ್ಳೆಯದು. ಮೇಲೆಯೇ ಬೇಕೆಂದರೆ ಗೋಡೆ, ತೊಲೆಗಳ ನೆತ್ತಿ ಎಲ್ಲಿದೆಯೆಂದು ಎಂಜಿನಿಯರರನ್ನು ಕರೆದು ಕೇಳಿ.

ಗಂಟೆಗೆ ಸಾವಿರ ಲೀಟರ್ ಎತ್ತುವ ಸಣ್ಣ ಪಂಪು ಸಾಕು. 20 ವಾಟಿನದು ಹಗಲೂ ರಾತ್ರಿ ಓಡಿದರೂ ತಿಂಗಳಿಗೆ 15 ಯೂನಿಟ್ ದಾಟದು. ದೋಣಿ ತುಂಬಿದಾಗ ತಾನಾಗಿ ಖಾಲಿಯಾಗುವಂತೆ ಗಂಟೆಯಾಕಾರದ ಸೈಫನ್ ಕೂರಿಸಬೇಕು. ನಿಂತ ಕೊಳವೆಯ ಮೇಲೆ ಬೋರಲು ಹಾಕಿದ ದೊಡ್ಡ ಕೊಳವೆ, ಅಷ್ಟೆ. ನೀರು ಒಳಕೊಳವೆಯ ಬಾಯಿ ಮುಟ್ಟಿದೊಡನೆ ‘ಗುಳಕ್’ ಎಂದು ಎಳೆದುಕೊಂಡು ಇಡೀ ದೋಣಿಯನ್ನು ಬರಿದು ಮಾಡುತ್ತದೆ. ಬರಿದಾದಾಗ ಜಲ್ಲಿಯೊಳಗೆ ಗಾಳಿ ನುಗ್ಗುತ್ತದೆ. ಬೇರಿಗೂ ಬ್ಯಾಕ್ಟೀರಿಯಾಕ್ಕೂ ಅದೇ ಉಸಿರು. ನೀರು ಜಲ್ಲಿಯ ಮೇಲ್ಮೈಗಿಂತ ಎರಡು ಅಂಗುಲ ಕೆಳಗೇ ನಿಲ್ಲಲಿ. ಪಾಚಿಯೂ ಇಲ್ಲ, ಸೊಳ್ಳೆಯೂ ಇಲ್ಲ. ತೊಟ್ಟಿಗೆ ಬಲೆ ಮುಚ್ಚಿ. ಬೆಕ್ಕಿಗಿಂತ ಮಿಂಚುಳ್ಳಿ ಚುರುಕು.

ಎಷ್ಟು ಮೀನು? ಈ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು: ಎಷ್ಟು ಆಹಾರ? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಒಂದು ಚದರ ಮೀಟರ್ ಸೊಪ್ಪಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಆಹಾರ ಸರಿಹೋಗುತ್ತದೆ. ಮೀನು ತನ್ನ ತೂಕದ ನೂರಕ್ಕೆರಡು ಪಾಲು ತಿನ್ನುತ್ತದೆಂದು ಹಿಡಿದರೆ ಎರಡೂವರೆ ಕಿಲೊ ಮೀನು, ಅಂದರೆ ನೂರು ಗ್ರಾಂ ತೂಗುವ 25 ಮೀನು. ನಮ್ಮ ತೊಟ್ಟಿಗೆ ಇದು ನೆಮ್ಮದಿಯ ಸಂಖ್ಯೆ. ಇದರಿಂದ ಸಂಸಾರ ಸಾಗುತ್ತದೆಂದು ಕಿಟ್ ಮಾರುವವರು ಹೇಳಿದರೆ ನಕ್ಕು ಸುಮ್ಮನಾಗಿ. ವಾರಕ್ಕೆ ನಾಲ್ಕಾರು ಸಲ ಸಾರಿಗೆ, ತಂಬುಳಿಗೆ ಆಗುವಷ್ಟು ಸೊಪ್ಪು, ವರ್ಷದಲ್ಲಿ ಒಂದೆರಡು ಸಲ ಮೀನೂಟ. ಅಷ್ಟಕ್ಕೆ ಆಸೆಯಿದ್ದವರು ಕೈ ಹಾಕಿ.

ಮಾಂಸಾಹಾರಿಗಳಲ್ಲದವರು ಬಂಗಾರದ ಮೀನು, ಕೋಯಿ ಸಾಕಬಹುದು. ಬಸಳೆಗೆ ಮೀನಿನ ಜಾತಿ ಬೇಕಿಲ್ಲ. ತಿನ್ನುವವರಿಗೆ ಸಾಮಾನ್ಯ ಗೆಂಡೆ ಇದೆ. ಗಟ್ಟಿಮುಟ್ಟಾದದ್ದು ಟಿಲಾಪಿಯವೇ, ಆದರೆ ಅದರ ಜಾತಕ ಸರಿಯಿಲ್ಲ. 1952ರಲ್ಲಿ ದೇಶಕ್ಕೆ ತಂದ ಈ ಮೀನು ಕೆರೆ, ಜಲಾಶಯಗಳಲ್ಲೆಲ್ಲ ಹಬ್ಬಿ ಸ್ಥಳೀಯ ಮೀನುಗಳಿಗೆ ಕುತ್ತಾಯಿತು. ಸುಧಾರಿತ ತಳಿಯ ಸಾಕಣೆಗೂ ಷರತ್ತುಗಳಿವೆ; ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿಯೇ ತನ್ನಿ. ಯಾವ ಮೀನೇ ಆಗಲಿ, ಬೇಡವಾದಾಗ ಊರ ಕೆರೆಗೆ ಬಿಡುವ ಪುಣ್ಯಕಾರ್ಯ ಮಾಡಬೇಡಿ.

ನಾಟಿಗೆ ಮೊದಲ ಮಣೆ ಬಸಳೆಗೆ. ಕರಾವಳಿಯ ಮನೆಗಳಲ್ಲಿ ಬಚ್ಚಲ ನೀರು ಹರಿಯುವಲ್ಲೇ ಚಪ್ಪರ ಹಬ್ಬಿಸಿಕೊಂಡು ಬಂದ ಬಳ್ಳಿಯದು, ನೀರಿನ ಸಹವಾಸ ಹೊಸತಲ್ಲ. ಒಂದು ಗೇಣಿನ ಕಡ್ಡಿಯನ್ನು ಜಲ್ಲಿಗೆ ಚುಚ್ಚಿದರೆ ಸಾಕು. ಪುದೀನ, ಒಂದೆಲಗ, ಹರಿವೆ, ಪಾಲಕ್ ಜೊತೆಗಿರಲಿ. ಟೊಮೆಟೊ, ಮೆಣಸು ಆರು ತಿಂಗಳು ಕಳೆದ ಮೇಲೆ. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣದ ಕೊರತೆ. ಗೊಬ್ಬರದಂಗಡಿಯ ಕೀಲೇಟೆಡ್ ಕಬ್ಬಿಣ ಚೂರು ಕರಗಿಸಿ ಹಾಕಿ. ಮೀನಿನ ಆಹಾರದಲ್ಲಿ ಅದು ಸಾಲದು. ಬ್ಯಾಕ್ಟೀರಿಯಾದ ದುಡಿಮೆಯಿಂದ ನೀರು ನಿಧಾನಕ್ಕೆ ಹುಳಿಯಾಗುತ್ತ ಹೋಗುತ್ತದೆ. ಪಿಎಚ್ 6ರ ಹತ್ತಿರ ಬಂದರೆ ಕಪ್ಪೆಚಿಪ್ಪಿನ ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತೊಟ್ಟಿಗೆ ಇಳಿಬಿಡಿ. ಹುಳಿಯಾದಷ್ಟೇ ಅದು ಕರಗುತ್ತದೆ. ಹುಳುವಿಗೆ ಔಷಧ ಹೊಡೆಯುವಂತಿಲ್ಲ. ಅಡಿಕೆಗೆ ಬೋರ್ಡೊ ಹೊಡೆದ ಕೈಯಲ್ಲಿ ಈ ನೀರು ಮುಟ್ಟಬೇಡಿ, ಮೈಲುತುತ್ತದ ತಾಮ್ರ ಮೀನಿಗೆ ಕಾಲಕೂಟ. ಹುಳುವನ್ನು ಕೈಯಿಂದ ಹೆಕ್ಕಿ ಮೀನಿಗೇ ಹಾಕಿ.

ಕೊನೆಯದು ಕರೆಂಟು. ಪಂಪು ನಿಂತರೆ ಗಿಡ ಒಂದು ದಿನ ತಾಳೀತು, ಮೀನು ತಾಳದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ, ಮೀನಿನ ಹಸಿವು ಹೆಚ್ಚು. ಏಪ್ರಿಲ್ ತಿಂಗಳ ರಾತ್ರಿಯ ವಿದ್ಯುತ್ ಕಡಿತವೇ ಅತಿ ಅಪಾಯದ್ದು. ಬ್ಯಾಟರಿಯಿಂದ ಓಡುವ ಗಾಳಿಪಂಪೊಂದನ್ನು ಮೊದಲ ದಿನವೇ ಕೊಂಡಿಡಿ. ಮನೆಗೆ ಯುಪಿಎಸ್ ಇದ್ದರೆ ತೊಟ್ಟಿಯ ಪ್ಲಗ್ಗನ್ನು ಟೀವಿಯದರ ಬದಲು ಅದಕ್ಕೆ ಸಿಕ್ಕಿಸಿ. ಏನೂ ಇಲ್ಲದಿದ್ದರೆ ಚೊಂಬಿನಲ್ಲಿ ನೀರೆತ್ತಿ ಎರಡಡಿ ಮೇಲಿಂದ ಸುರಿಯುತ್ತಿರಿ. ಮೀನು ಮೇಲಕ್ಕೆ ಬಂದು ಬಾಯಿ ತೆರೆಯುವುದು ಹಸಿವಿನಿಂದ ಅಲ್ಲ. ಅಂಥ ಹೊತ್ತಿನಲ್ಲಿ ಒಂದು ಕಾಳೂ ಹಾಕಬೇಡಿ. ಕರೆಂಟು ಬಂದು ಮೀನು ತಳಕ್ಕೆ ಇಳಿದ ಮೇಲೂ ಅರ್ಧ ದಿನ ಉಪವಾಸವೇ ಇರಲಿ.