ಪ್ರಾಣೈಷಣೆ ಮೊದಲು, ಧನೈಷಣೆ ಅನಂತರ

ಯುಗಾದಿಗೂ ದೀಪಾವಳಿಗೂ ಬೆಂಗಳೂರು, ಪುಣೆಗಳಿಂದ ಶಿರಹಟ್ಟಿಗೆ ಬರುವ ಮಕ್ಕಳು ಈಚಿನ ವರ್ಷಗಳಲ್ಲಿ ಹಬ್ಬದ ಮರುದಿನ ನಮ್ಮ ಚಿಕಿತ್ಸಾಲಯಕ್ಕೂ ಬರತೊಡಗಿದ್ದಾರೆ. ಸಾಮಾನ್ಯವಾಗಿ ತಾಯಿಯೇ ಕರೆತರುತ್ತಾರೆ. ಎದೆಯುರಿ, ಹುಳಿತೇಗು, ಮಲಬದ್ಧತೆ, ನಿದ್ರಾನಾಶ. ಮೂವತ್ತರ ಆಸುಪಾಸಿನಲ್ಲಿಯೇ ರಕ್ತದೊತ್ತಡ. ನಾವು ನಾಡಿ ಹಿಡಿಯುವ ಮೊದಲೇ ತಾಯಿಯ ನಿದಾನ ಮುಗಿದಿರುತ್ತದೆ: “ಹೊರಗಿನ ಊಟರೀ, ಅದಕ್ಕ ಹಿಂಗಾಗೇತಿ.” ಅವರನ್ನು ಹೊರಗೆ ಕೂರಿಸಿ ವಿಚಾರಿಸಿದರೆ ಮಗ ಹೇಳುವುದು ಬೇರೆ. ಮಾಡುವ ಕೆಲಸದಲ್ಲಿ ರುಚಿ ಹೋಗಿ ವರ್ಷಗಳಾಗಿವೆ. ಬಿಡೋಣವೆಂದರೆ ಸಾಲದ ಕಂತು; ಇರೋಣವೆಂದರೆ ಮುಂದಿನ ಪಟ್ಟಿಯಲ್ಲಿ ತನ್ನ ಹೆಸರು ಇದ್ದೀತೆಂಬ ಅಂಜಿಕೆ. ತಾನು ಪ್ರೀತಿಸದ ಕೆಲಸವನ್ನೇ ಕಳೆದುಕೊಳ್ಳುವ ಭಯದಲ್ಲಿ ಅವನು ರಾತ್ರಿಗಳನ್ನು ಕಳೆಯುತ್ತಿದ್ದಾನೆ.

ಈ ಭಯ ಹುಸಿಯಲ್ಲ. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಸಂಸ್ಥೆಯ ಮೈಸೂರು ಕೇಂದ್ರದಿಂದ 300ಕ್ಕೂ ಹೆಚ್ಚು ತರಬೇತಿನಿರತ ತರುಣ ತರುಣಿಯರು ಹೊರಬಿದ್ದರು. ಮೂರು ಅವಕಾಶಗಳಲ್ಲಿಯೂ ಆಂತರಿಕ ಪರೀಕ್ಷೆಯಲ್ಲಿ ಉತ್ತೀರ್ಣರಾಗಲಿಲ್ಲವೆಂಬುದು ಸಂಸ್ಥೆ ಕೊಟ್ಟ ಕಾರಣ. ಅದೇ ವರ್ಷದ ಜುಲೈನಲ್ಲಿ ಟಿಸಿಎಸ್ ತನ್ನ ನೌಕರವರ್ಗದ ಸುಮಾರು ಶೇ. 2ರಷ್ಟು, ಅಂದರೆ 12,000ಕ್ಕೂ ಮಿಕ್ಕಿ ಜನರನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಮಧ್ಯಮ ಮತ್ತು ಮೇಲ್ಸ್ತರದ ಅನುಭವಿಗಳಿಗೇ ಅದರ ಪೆಟ್ಟು ಹೆಚ್ಚು. ಹೊಸಬನಿಗೂ ನೆಲೆಯಿಲ್ಲ, ಹಳಬನಿಗೂ ಇಲ್ಲ. ಹೀಗಿರುವಾಗ ಮನೆಯವರು “ದೊಡ್ಡ ಕಂಪನಿ, ಏನೂ ಆಗಂಗಿಲ್ಲ” ಎಂದು ಸಮಾಧಾನ ಹೇಳಿದರೆ ಅದು ಆ ಮಗನನ್ನು ಇನ್ನಷ್ಟು ಒಂಟಿಯಾಗಿಸುತ್ತದೆ.

ತಾಯಂದಿರ ನಿದಾನಕ್ಕೆ ಚರಕಾಚಾರ್ಯರು ಬಹಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಹಿತವಾದ ಆಹಾರವನ್ನು ಮಿತವಾಗಿಯೇ ಉಂಡರೂ ಚಿಂತೆ, ಶೋಕ, ಭಯ, ಕ್ರೋಧ ಮತ್ತು ಜಾಗರಣೆಗಳಿಂದ ಅದು ಜೀರ್ಣವಾಗದೆಂದು ವಿಮಾನಸ್ಥಾನದಲ್ಲಿ ಹೇಳಿದೆ. ಬೆಂಗಳೂರಿನ ಕೋಣೆಗೆ ಬಿಳಿಜೋಳದ ರೊಟ್ಟಿ ಕಟ್ಟಿ ಕಳುಹಿಸಿದರೂ, ಅಧಿಕಾರಿಯ ಸಂದೇಶ ಬಂದೀತೆಂದು ದೂರವಾಣಿಯನ್ನು ತಟ್ಟೆಯ ಪಕ್ಕದಲ್ಲಿಟ್ಟು ಉಣ್ಣುವವನಿಗೆ ಅದು ವಿಷಮಾಗ್ನಿಯೇ. ರೋಗವನ್ನು ಬೆಳೆಸುವವುಗಳಲ್ಲಿ ವಿಷಾದಕ್ಕೆ ಅಗ್ರಸ್ಥಾನವನ್ನು ಕೊಟ್ಟವರೂ ಅವರೇ.

ಆದುದರಿಂದ “ಕಪ್ಪತಗುಡ್ಡದ ಬೇರು ಏನಾರ ಕೊಡ್ರಿ, ನಿದ್ದಿ ಬರೋಹಂಗ” ಎಂದು ಕೇಳುವವರಿಗೆ ನಾವು ನಿರಾಶೆಯನ್ನುಂಟುಮಾಡುತ್ತೇವೆ. ಕಪ್ಪತಗುಡ್ಡದ ಮೇಲೆ ನಮಗೆ ಅಪಾರ ಗೌರವವಿದೆ. ಆದರೆ ಕೆಲಸದ ಭಯಕ್ಕೆ ಅಲ್ಲಿ ಬೇರು ಬೆಳೆಯುವುದಿಲ್ಲ. ಅಶ್ವಗಂಧದ ಪುಡಿಯನ್ನು ಜಾಹೀರಾತು ನೋಡಿ ತರಿಸಿಕೊಂಡು ತಿಂಗಳುಗಟ್ಟಲೆ ಸೇವಿಸುವವರಿದ್ದಾರೆ. ಥೈರಾಯ್ಡ್ ತೊಂದರೆಯುಳ್ಳವರಿಗೂ ಗರ್ಭಿಣಿಯರಿಗೂ ಅದು ನಿರಪಾಯಕಾರಿಯಲ್ಲ. ಔಷಧ ಕೊಟ್ಟು ಕಾರಣವನ್ನು ಕೇಳದೆ ಕಳುಹಿಸುವ ವೈದ್ಯರಲ್ಲಿ ಒಂದು ಕಾಲಕ್ಕೆ ನಾವೂ ಇದ್ದೆವೆಂದು ಒಪ್ಪಿಕೊಳ್ಳಬೇಕು.

ರಾತ್ರಿಪಾಳಿಯವರಿಗೆ ಒಂದು ಮಾತು. ಅನಿವಾರ್ಯವಾಗಿ ಜಾಗರಣೆ ಮಾಡಿದವನು ಎಚ್ಚರವಿದ್ದ ಕಾಲದ ಅರ್ಧದಷ್ಟು ಹೊತ್ತು, ಬೆಳಿಗ್ಗೆ, ಉಣ್ಣುವ ಮೊದಲು ಮಲಗಬೇಕೆಂದು ಅಷ್ಟಾಂಗಹೃದಯ ವಿಧಿಸುತ್ತದೆ. ನಮ್ಮ ಮಕ್ಕಳು ಇದಕ್ಕೆ ವಿರುದ್ಧವಾಗಿ ಹೊಟ್ಟೆ ತುಂಬ ತಿಂದು ಮಲಗುತ್ತಾರೆ. ಇದೊಂದನ್ನು ತಿದ್ದಿಕೊಂಡೇ ಎದೆಯುರಿ ತಗ್ಗಿದವರನ್ನು ಕಂಡಿದ್ದೇವೆ.

ಇನ್ನು ಮುಖ್ಯ ವಿಷಯ. ಮನುಷ್ಯನಿಗೆ ಮೂರು ಏಷಣೆಗಳಿರಬೇಕೆಂದು ಚರಕಸಂಹಿತೆಯ ಸೂತ್ರಸ್ಥಾನ ಹೇಳುತ್ತದೆ: ಪ್ರಾಣೈಷಣೆ, ಧನೈಷಣೆ, ಪರಲೋಕೈಷಣೆ. ಈ ಕ್ರಮ ಆಕಸ್ಮಿಕವಲ್ಲ; ಪ್ರಾಣ ಹೋದರೆ ಸರ್ವವೂ ಹೋಯಿತೆಂಬುದೇ ಅಲ್ಲಿಯ ಕಾರಣ. ಹಾಗೆಂದು ಧನವನ್ನು ಆಚಾರ್ಯರು ಹೀಗಳೆಯಲಿಲ್ಲ. ಜೀವನೋಪಾಯವಿಲ್ಲದ ದೀರ್ಘಾಯುಷ್ಯವನ್ನು ಅವರು ಘೋರ ಪಾಪವೆಂದೇ ಬಗೆದರು; ಕೃಷಿ, ಪಶುಪಾಲನೆ, ವಾಣಿಜ್ಯ, ರಾಜಸೇವೆಗಳನ್ನು ಸಾಲಾಗಿ ಹೆಸರಿಸಿದರು. ಒಂದು ಹೋದರೆ ಇನ್ನೊಂದಿದೆಯೆಂಬ ಅರ್ಥವನ್ನು ಆ ಸಾಲಿನಲ್ಲಿ ನಾವು ಕಾಣುತ್ತೇವೆ. ಆದ್ದರಿಂದ “ನಾಳೆಯೇ ರಾಜೀನಾಮೆ ಕೊಡು” ಎಂದು ನಾವು ಯಾರಿಗೂ ಹೇಳುವುದಿಲ್ಲ. “ಏನಾದರೂ ಆಗಲಿ, ಬಿಡಬ್ಯಾಡ” ಎಂಬ ತಂದೆಯ ಮಾತನ್ನೂ ಒಪ್ಪುವುದಿಲ್ಲ.

ಈ ಮಾತಿಗೆ ಕೆಲವರು ಕಾಯಕತತ್ವದ ಆಸರೆ ಪಡೆಯುತ್ತಾರೆ. ಕೊಟ್ಟ ಕೆಲಸವನ್ನು ಸಹಿಸಿಕೊಂಡು ಮಾಡುವುದೇ ಶರಣರ ದಾರಿಯೆನ್ನುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ತಾಯಿ ಅದನ್ನು ಮರಳಿ ಚೆಲ್ಲಿ ಬರಲು ಹೇಳಿದ ಪ್ರಸಂಗ ಭಕ್ತರೆಲ್ಲರಿಗೂ ತಿಳಿದಿದೆ. ಇಷ್ಟು ಸಾಕೆಂದು ಗೆರೆ ಎಳೆದವರು ಆ ಮನೆಯವರೇ, ಹೊರಗಿನ ಒಡೆಯನಲ್ಲ. ನಮ್ಮ ಮನೆಗಳಲ್ಲಿ ಆ ಗೆರೆಯನ್ನು ಈಗ ಎಳೆಯುತ್ತಿರುವವರು ಯಾರು? ಮಗನ ಸಂಬಳ ಹೆಚ್ಚಿದಂತೆಲ್ಲ ಮೇಲಂತಸ್ತು, ಕಾರು, ತಂಗಿಯ ಮದುವೆಗೆ ದೊಡ್ಡ ಮಂಟಪ. ಎಲ್ಲವೂ ಕಂತಿನ ಮೇಲೆ. ಅವನನ್ನು ಕಟ್ಟಿಹಾಕಿರುವ ಹಗ್ಗದ ಒಂದು ತುದಿ ಕಂಪನಿಯಲ್ಲಿದ್ದರೆ ಇನ್ನೊಂದು ತುದಿ ನಮ್ಮ ಪಡಸಾಲೆಯಲ್ಲಿದೆ.

ನಮ್ಮ ಹಿರಿಯರು ಸುಗ್ಗಿಯಲ್ಲಿ ಹಗೇವು ತುಂಬದೆ ಹೊಸ ಖರ್ಚಿಗೆ ಕೈಹಾಕುತ್ತಿರಲಿಲ್ಲ. ಬರ ಬಂದರೆ ಆ ಜೋಳವೇ ಮನೆಯನ್ನು ಕಾಯುತ್ತಿತ್ತು. ಆರು ತಿಂಗಳ ಮನೆಖರ್ಚನ್ನು ತೆಗೆದಿರಿಸಿದ ತರುಣನ ನಿದ್ರೆಗೂ ತೆಗೆದಿರಿಸದವನ ನಿದ್ರೆಗೂ ವ್ಯತ್ಯಾಸವಿರುತ್ತದೆ. ಇದು ಅರ್ಥಶಾಸ್ತ್ರವಲ್ಲವೇ ಎಂದು ಯಾರಾದರೂ ಕೇಳಬಹುದು. ನಾವು ಇದನ್ನು ಪಥ್ಯವೆಂದೇ ಬರೆದುಕೊಡುತ್ತೇವೆ.

ಕಳೆದ ದೀಪಾವಳಿಯಲ್ಲಿ ಬಂದ ಒಬ್ಬ ತರುಣನ ತಂದೆಯನ್ನು ಮರುದಿನ ಬರಹೇಳಿ, ಇಬ್ಬರನ್ನೂ ಎದುರುಬದುರು ಕೂರಿಸಿದೆವು. ಮಗನ ತಿಂಗಳ ಕಂತುಗಳೆಷ್ಟೆಂಬುದು ತಂದೆಗೆ ತಿಳಿದದ್ದು ಅಂದೇ ಮೊದಲು. ಬಹಳ ಹೊತ್ತು ಸುಮ್ಮನಿದ್ದು, “ಮ್ಯಾಲಿನ ಮನಿ ಕಟ್ಟೋದು ನಿಲ್ಲಸೋಣು, ತಮ್ಮಾ” ಎಂದರು. ಹುಡುಗ ಇನ್ನೂ ಅದೇ ಕೆಲಸದಲ್ಲಿದ್ದಾನೆ, ಬೇರೆಡೆ ಹುಡುಕುತ್ತಿದ್ದಾನೆ. ನಾವು ಕೊಟ್ಟ ಅವಿಪತ್ತಿಕರ ಚೂರ್ಣವನ್ನು ಎರಡು ವಾರಗಳಲ್ಲಿ ನಿಲ್ಲಿಸಲಾಯಿತು.

ಎಲ್ಲ ಪ್ರಕರಣಗಳೂ ಹೀಗೆ ಸುಲಭವಲ್ಲ. ಮಗ ಮಾತು ಬಿಟ್ಟರೆ, ಊಟ ಬಿಟ್ಟರೆ, “ನಾ ಇದ್ದೇನು ಪ್ರಯೋಜನ” ಎಂದು ನುಡಿದರೆ, ಚೂರ್ಣ ಕಷಾಯಗಳನ್ನೂ ಹರಕೆಗಳನ್ನೂ ನೆಚ್ಚಿ ದಿನ ಕಳೆಯಬಾರದು. ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗೆ ಅಥವಾ ಗದುಗಿನ ಜಿಮ್ಸ್ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಅಂದೇ ಕರೆದೊಯ್ಯಬೇಕು. ನಡುರಾತ್ರಿಯಾದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡುತ್ತಾರೆ.